ಪ್ರೊಸೆಸರ್ ಬದಲಿಸಿದ ಮೇಲೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪು

ಹಳೇಡಬ್ಬ:
ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟು ಕೂತಿದ್ದೇನೆ. ಮನೆಯ ಕಂಪ್ಯೂಟರ್ 2018ರ ಕೊನೆಯಲ್ಲಿ ನಾನೇ ಜೋಡಿಸಿದ್ದು. ರೈಜೆನ್ 3 2200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ). ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. 11 ಹಾಕೋಣ ಅಂದರೆ ಈ ಪ್ರೊಸೆಸರ್ ಅದರ ಪಟ್ಟಿಯಲ್ಲೇ ಇಲ್ಲ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಿಂದ ರೈಜೆನ್ 5 5600, ಇನ್ನೊಂದು 8 ಜಿಬಿ ರ‍್ಯಾಮ್ ತಂದೆ. ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಅದೇ ಎಎಂ4, ಸಲೀಸಾಗಿ ಕೂತಿತು.

ಈಗ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ. ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ಬೋರ್ಡ್ ಸುಟ್ಟೇ ಹೋಯ್ತಾ?

ಕಾಫಿಗಿಡ:
ಎಸ್‌ಎಂಪಿಎಸ್ ಸಾಲುತ್ತಿಲ್ಲ ಸರ್. 650 ವ್ಯಾಟ್‌ನದ್ದು ಹಾಕಿ ನೋಡಿ. ಹಾಗೇ ಬೋರ್ಡ್ ಮೇಲಿನ ಸೆಲ್ ಒಮ್ಮೆ ತೆಗೆದು ಹಾಕಿ.

ಬೆಸುಗೆ:
ಹಣ ಖರ್ಚು ಮಾಡುವ ಮೊದಲು ಸ್ವಲ್ಪ ನಿಲ್ಲಿ. 2200ಜಿ, 5600 ಎರಡೂ 65 ವ್ಯಾಟ್‌ನವು. ಹಳೆಯದಕ್ಕೆ ಸಾಕಾಗಿದ್ದು ಇದಕ್ಕೂ ಸಾಕು. ಸೆಲ್ ತೆಗೆದರೆ ಬಯಾಸ್‌ನ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಸೆಟ್ಟಿಂಗ್ ಅಳಿಯುತ್ತದೆ ಅಷ್ಟೇ, ಬಯಾಸ್ ಹೊಸದಾಗುವುದಿಲ್ಲ.

ಹಳೇಡಬ್ಬ ಅವರೇ, ಮೂರು ವಿಷಯ ಹೇಳಿ. ಎಚ್‌ಡಿಎಂಐ ಕೇಬಲ್ ಎಲ್ಲಿಗೆ ಚುಚ್ಚಿದ್ದೀರಿ? ಬೋರ್ಡ್‌ನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಸಣ್ಣ ಲೈಟ್‌ಗಳಿದ್ದರೆ ಯಾವುದು ಉರಿಯುತ್ತಿದೆ? (ಉರಿಯುತ್ತಲೇ ಇದ್ದರೆ ತೊಂದರೆ ಅಲ್ಲಿದೆ ಅಂತ.) ಬಯಾಸ್ ಯಾವತ್ತಾದರೂ ಅಪ್‌ಡೇಟ್ ಮಾಡಿದ್ದೀರಾ? ಜೊತೆಗೆ ಹೊಸ ರ‍್ಯಾಮ್ ತೆಗೆದು, ಹಳೆಯದೊಂದನ್ನೇ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್‌ಗೆ ಹಾಕಿ ಐದು ನಿಮಿಷ ಕಾಯಿರಿ. ರ‍್ಯಾಮ್ ಬದಲಾದಾಗ ಮೊದಲ ಸಲ ತಡವಾಗುವುದುಂಟು.

ಹಳೇಡಬ್ಬ:
ಹಳೇ ರ‍್ಯಾಮ್ ಒಂದನ್ನೇ ಹಾಕಿ ಹತ್ತು ನಿಮಿಷ ಕಾದೆ. ಏನೂ ಇಲ್ಲ. ಸಿಪಿಯು ಲೈಟ್ ಉರಿಯುತ್ತಲೇ ಇದೆ. ಕೇಬಲ್ ಬೋರ್ಡ್‌ನ ಹಿಂಭಾಗಕ್ಕೆ, ಮೊದಲಿನಿಂದಲೂ ಅಲ್ಲೇ. ಬಯಾಸ್ ಮುಟ್ಟಿಯೇ ಇಲ್ಲ, ಚೆನ್ನಾಗಿ ನಡೀತಿತ್ತಲ್ವಾ!

ಬೆಸುಗೆ:
ಬೋರ್ಡ್ ಸುಟ್ಟಿಲ್ಲ ಅನಿಸುತ್ತದೆ. ಆದರೆ ನಿಮಗಿರುವುದು ಒಂದಲ್ಲ, ಎರಡು ತೊಂದರೆ. ಒಂದನ್ನು ಸರಿ ಮಾಡಿದರೂ ಮಾನಿಟರ್ ಹಾಗೇ ಕಪ್ಪಾಗಿರುತ್ತದೆ. ಬಹಳ ಜನ ಕೈಚೆಲ್ಲುವುದು ಇಲ್ಲೇ.

ಮೊದಲನೆಯದು ಬಯಾಸ್. ರೈಜೆನ್ 5000 ಸಾಲು ಬಂದದ್ದು 2020ರ ನವೆಂಬರ್‌ನಲ್ಲಿ, ನಿಮ್ಮ 5600 ಬಂದದ್ದು 2022ರಲ್ಲಿ. 2018ರ ಬಯಾಸ್‌ಗೆ ಅದರ ಪರಿಚಯವೇ ಇಲ್ಲ. ಸಾಕೆಟ್‌ನಲ್ಲಿ ಕೂತ ಮಾತ್ರಕ್ಕೆ ನಡೆಯುವುದಿಲ್ಲ.

ಎರಡನೆಯದು ಹೆಸರಿನ ಕೊನೆಯ ‘ಜಿ’. 2200ಜಿ ಒಳಗೆ ಮಾನಿಟರ್‌ಗೆ ಚಿತ್ರ ಕಳಿಸುವ ವೇಗಾ 8 ಗ್ರಾಫಿಕ್ಸ್ ಇತ್ತು, ಅದಕ್ಕೇ ಬೋರ್ಡ್‌ನ ಎಚ್‌ಡಿಎಂಐ ನಡೆಯುತ್ತಿತ್ತು. ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಬೇರೆ ಕಾರ್ಡ್ ಬೇಕು. ಬೇಡ ಅಂದರೆ ಅಂಗಡಿಯವರನ್ನು ಕೇಳಿ 5600ಜಿಗೆ ಬದಲಿಸಿಕೊಳ್ಳಿ. ಹಾಗೆ ಮಾಡಿದರೂ ಬಯಾಸ್ ಅಪ್‌ಡೇಟ್ ತಪ್ಪಿದ್ದಲ್ಲ.

ಈಗ ಹಳೇ ಪ್ರೊಸೆಸರ್ ಮತ್ತೆ ಕೂರಿಸಿ. ಬೋರ್ಡ್ ಮೇಲೆ ಅಚ್ಚಾಗಿರುವ ಮಾಡೆಲ್ ಮತ್ತು ರಿವಿಜನ್ ಎರಡನ್ನೂ ನೋಡಿಯೇ ತಯಾರಕರ ಸೈಟಿನಿಂದ ಬಯಾಸ್ ಇಳಿಸಿಕೊಳ್ಳಿ. ಪಕ್ಕದ ಟಿಪ್ಪಣಿ ಓದಿ, ಕೆಲವು ಬೋರ್ಡ್‌ಗೆ ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕಾಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರಲಿ. ಯುಪಿಎಸ್ ಇಲ್ಲದೆ ಮಾತ್ರ ಕೈ ಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಆಗ ಬೋರ್ಡ್ ನಿಜಕ್ಕೂ ಹೋಗುತ್ತದೆ.

ಹಳೇಡಬ್ಬ:
ಇಲ್ಲೊಂದು ಎಡವಟ್ಟು ಹೇಳಿರಲಿಲ್ಲ. ಪ್ರೊಸೆಸರ್ ಮೇಲಿನ ಕೂಲರ್ ಎಳೆದಾಗ ಹಳೇ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಎದ್ದು ಬಂತು. ಒಂದು ಮೂಲೆಯ ನಾಲ್ಕೈದು ಪಿನ್ ಬಾಗಿವೆ.

ಬೆಸುಗೆ:
ಎಎಂ4ನಲ್ಲಿ ಇದು ಎಲ್ಲರಿಗೂ ಒಮ್ಮೆ ಆಗುವ ಕಥೆ ಮಾರಾಯ್ರೆ, ನನಗೂ ಆಗಿದೆ. ಪಿನ್ ಇರುವುದು ಪ್ರೊಸೆಸರ್‌ನಲ್ಲಿ. ಲಿವರ್ ಹಾಕಿದ್ದರೂ ಸಾಕೆಟ್ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಇನ್ನು ಮುಂದೆ ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ ಕೂಲರ್ ಅಡಿಯ ಪೇಸ್ಟ್ ಬಿಸಿಯಾದ ಮೇಲೆ ಪೂರ್ತಿ ಆಫ್ ಮಾಡಿ, ಕೂಲರನ್ನು ಆಚೀಚೆ ತಿರುಗಿಸಿ ನಿಧಾನಕ್ಕೆ ಎತ್ತಿ.

ಸೀಸದಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ತುದಿ ಪಿನ್‌ಗೆ ತೊಡಿಸಿ, ಕೂದಲೆಳೆಯಷ್ಟೇ ಬಗ್ಗಿಸುತ್ತಾ ನೇರ ಮಾಡಿ. ಸಾಲು ಸರಿಯಾಗಿದೆಯಾ ಅಂತ ಹಳೇ ಎಟಿಎಂ ಕಾರ್ಡ್ ನಡುವೆ ತೂರಿಸಿ ನೋಡಿ. ಸಾಕೆಟ್‌ಗೆ ತಾನಾಗಿ ಬೀಳಬೇಕು, ಒತ್ತಬೇಡಿ.

ಹಳೇಡಬ್ಬ:
ಪಿನ್ ಸರಿ ಮಾಡಲು ಒಂದು ಗಂಟೆ, ಬಯಾಸ್‌ಗೆ ಐದು ನಿಮಿಷ! ಇಲ್ಲಿ ತೀರ್ಥಹಳ್ಳಿಯಲ್ಲಿ ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಯುಪಿಎಸ್ ಇದ್ದದ್ದು ಪುಣ್ಯ. ಆಮೇಲೆ 5600 ಹಾಕಿದೆ. ಮಾನಿಟರ್ ಕಪ್ಪೇ, ಆದರೆ ಈ ಸಲ ಸಿಪಿಯು ಲೈಟ್ ಆರಿ ವಿಜಿಎ (ಗ್ರಾಫಿಕ್ಸ್) ಲೈಟ್ ಉರಿಯಿತು. ಅದನ್ನು ನೋಡಿಯೇ ಅರ್ಧ ಖುಷಿ. ಭಾವನ ಹತ್ತಿರ ಹಳೇ ಜಿಟಿ 710 ಕಾರ್ಡ್ ಬಿದ್ದಿತ್ತು, ತಂದು ಹಾಕಿ ಕೇಬಲ್ ಅದಕ್ಕೇ ಚುಚ್ಚಿದೆ. ಚಿತ್ರ ಬಂತು!

ಆದರೆ ಹೊಸ ಸಿಪಿಯು ಹಾಕಿದ್ದೀರಿ, ಎಫ್‌ಟಿಪಿಎಂ (ಪ್ರೊಸೆಸರ್ ಒಳಗೆ ಬೀಗದ ಕೀ ಇಡುವ ಭದ್ರತಾ ಭಾಗ) ರೀಸೆಟ್ ಮಾಡಲು ‘ವೈ’, ಬೇಡವಾದರೆ ‘ಎನ್’ ಒತ್ತಿ ಅಂತ ಕೇಳುತ್ತಿದೆ. ಹೆದರಿ ಹಾಗೇ ಬಿಟ್ಟಿದ್ದೇನೆ.

ಬೆಸುಗೆ:
ಹೆದರಿದ್ದು ಒಳ್ಳೆಯದೇ. ಡಿಸ್ಕ್‌ನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಹಾಕಿದ್ದೀರಾ? ಹಾಕಿದ್ದರೆ ರಿಕವರಿ ಕೀ ಕೈಯಲ್ಲಿ ಇಲ್ಲದೆ ‘ವೈ’ ಒತ್ತಬೇಡಿ, ಡೇಟಾ ಬೀಗದೊಳಗೆ ಉಳಿದುಬಿಡುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇರಬಹುದು, ಮೊಬೈಲ್‌ನಿಂದಲೇ ನೋಡಿ. ಏನೂ ಹಾಕಿಲ್ಲದಿದ್ದರೆ ‘ವೈ’ ಒತ್ತಿ.

ಹಳೇಡಬ್ಬ:
ಏನೂ ಹಾಕಿರಲಿಲ್ಲ. ‘ವೈ’ ಒತ್ತಿದೆ, ವಿಂಡೋಸ್ ಬಂತು. ಹೊಸ ರ‍್ಯಾಮ್ ಕೂಡ ಹಾಕಿದೆ, 16 ಜಿಬಿ ತೋರಿಸುತ್ತಿದೆ. ಕಾಫಿಗಿಡ ಅವರೇ, ಎಸ್‌ಎಂಪಿಎಸ್ ಹಳೆಯದೇ ಇದೆ!

ಕಾಫಿಗಿಡ:
ಒಪ್ಪಿದೆ ಸರ್, ನಿಮ್ಮ ದುಡ್ಡು ಉಳೀತು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದ್ದೀರಾ? ಅಪ್‌ಡೇಟ್ ಆದ ಮೇಲೆ ರ‍್ಯಾಮ್ ಮತ್ತೆ ಕಡಿಮೆ ವೇಗಕ್ಕೆ ಇಳಿದಿರುತ್ತದೆ.

ಹಳೇಡಬ್ಬ:
ವೇಗ 2133 ತೋರಿಸುತ್ತಿದೆ. ಇವತ್ತು ಬೇಡ, ಭಾನುವಾರ ನೋಡುತ್ತೇನೆ. ಮನೆಯಲ್ಲಿ ಇನ್ನೊಂದು ಸಲ ಡಬ್ಬ ಬಿಚ್ಚಿದರೆ ಊಟ ಇಲ್ಲ ಅಂದಿದ್ದಾರೆ.

ಬೆಸುಗೆ:
ಅದಕ್ಕೆ ಡಬ್ಬ ಬಿಚ್ಚಬೇಕಿಲ್ಲ, ಕೀಬೋರ್ಡ್ ಸಾಕು. ಊಟ ಮಾಡಿ ಬನ್ನಿ.