ಒಂದೇ ಮನೆ ಊಟ, ಅಣ್ಣನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 98, ನನ್ನದು 182. ಹೇಗೆ?

ಬೆಣ್ಣೆದೋಸೆ:
ನಮ್ಮದು ದಾವಣಗೆರೆ. ನನಗೆ 36, ಅಣ್ಣನಿಗೆ 39. ಇಬ್ಬರೂ ಅಮ್ಮನ ಕೈ ಅಡುಗೆಯನ್ನೇ ತಿನ್ನುತ್ತೇವೆ. ನಿಜ ಹೇಳಬೇಕೆಂದರೆ ಅವನೇ ಜಾಸ್ತಿ, ಭಾನುವಾರ ಮೂರು ಬೆಣ್ಣೆ ದೋಸೆ ಮುಗಿಸಿ ತಟ್ಟೆಯಲ್ಲಿ ಉಳಿದ ಬೆಣ್ಣೆಯನ್ನೂ ಒರೆಸಿ ತಿನ್ನುವ ಆಸಾಮಿ. ಆದರೂ ರಿಪೋರ್ಟ್ ಹೀಗೆ. ಲ್ಯಾಬ್‌ನವರು ‘ಜೀನ್‌ಗೆ ತಕ್ಕ ಡಯಟ್’ ಅಂತ ಇನ್ನೊಂದು ಟೆಸ್ಟ್ ಮಾಡಿಸಿ ಅಂತಿದ್ದಾರೆ. ಮಾಡಿಸಲಾ?

ಕೊಬ್ರಿಮಿಠಾಯಿ:
ಲಿವರ್‌ನಲ್ಲಿ ಎಲ್‌ಡಿಎಲ್ ಅನ್ನು ರಕ್ತದಿಂದ ಎಳೆದುಕೊಳ್ಳುವ ರಿಸೆಪ್ಟರ್‌ಗಳಿವೆ. ಬೆಣ್ಣೆ, ತುಪ್ಪದಂಥ ಗಟ್ಟಿ ಕೊಬ್ಬು ಜಾಸ್ತಿ ಆದರೆ ಅವುಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಎಷ್ಟು ಕುಗ್ಗುತ್ತದೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಅಪೊ-ಇ ಅಂತ ಒಂದು ಜೀನ್ ಇದೆ, ಅದರಲ್ಲಿ 2, 3, 4 ಅಂತ ಮೂರು ಬಗೆ. 4 ಇದ್ದವರಿಗೆ ಸರಾಸರಿ ಎಲ್‌ಡಿಎಲ್ ಮೊದಲೇ ಸ್ವಲ್ಪ ಮೇಲೆ, 2 ಇದ್ದವರಿಗೆ ಕೆಳಗೆ. ಬೆಣ್ಣೆ ತಿಂದರೆ 4ರವರಿಗೇ ಜಾಸ್ತಿ ಏರುತ್ತದೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ, ಎಲ್ಲದರಲ್ಲೂ ಅಲ್ಲ. ಅಪ್ಪನಲ್ಲಿ 3 ಮತ್ತು 4 ಎರಡೂ ಇದ್ದರೆ ಅಣ್ಣನಿಗೆ 3, ನಿಮಗೆ 4 ಬಂದಿರಬಹುದು. ಒಂದೇ ಅಡುಗೆಮನೆ ಆದರೇನು, ಜೀನ್ ಒಂದೇ ಅಲ್ವಲ್ಲ. ಹಾಗಂತ ಇದೊಂದೇ ಜೀನ್ ಕಾರಣ ಅನ್ನಬೇಡಿ, ಎಲ್‌ಡಿಎಲ್ ಮೇಲೆ ಕೈಯಾಡಿಸುವ ಜೀನ್‌ಗಳು ತುಂಬಾ ಇವೆ.

ಸುಮ್ನೆಓದುಗ:
ಆ ಡಯಟ್ ಟೆಸ್ಟ್‌ಗೆ ದುಡ್ಡು ಹಾಕಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರಿಗೆ ಒಂದು ವರ್ಷ ಕಡಿಮೆ ಕೊಬ್ಬಿನ ಊಟ ಇಲ್ಲವೇ ಕಡಿಮೆ ಕಾರ್ಬ್ (ಪಿಷ್ಟ, ಸಕ್ಕರೆ) ಊಟ ಮಾಡಲು ಹೇಳಿ ನೋಡಿದರು, 2018ರಲ್ಲಿ ಪ್ರಕಟವಾಯಿತು. ‘ನಿಮ್ಮ ಜೀನ್‌ಗೆ ಈ ಊಟ’ ಅನ್ನೋ ಹೊಂದಾಣಿಕೆಯಿಂದ ತೂಕ ಇಳಿಯುವುದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಕೊಬ್ರಿಮಿಠಾಯಿ:
ಅದು ತೂಕದ ಮಾತು ಮಾರಾಯ್ರೇ, ಇವರು ಕೇಳಿದ್ದು ಎಲ್‌ಡಿಎಲ್. ಆದರೆ ಟೆಸ್ಟ್ ಬೇಡ ಅನ್ನೋದಕ್ಕೆ ನನ್ನದೂ ಹೂಂ. 4 ಅಂತ ಬಂದರೂ ಡಾಕ್ಟರ್ ಹೇಳುವುದು ಅದೇ, ಬೆಣ್ಣೆ ಕಡಿಮೆ ಮಾಡಿ ಅಂತ. ಮೇಲಾಗಿ ಅಪೊ-ಇ 4 ಮರೆವಿನ ಕಾಯಿಲೆಗೂ ತಳುಕು ಹಾಕಿಕೊಂಡಿದೆ, ಬೇಡದ ಚಿಂತೆ ಮನೆಗೆ ತಂದುಕೊಂಡಂತೆ. ಎರಡು ಮೂರು ತಿಂಗಳು ಬೆಣ್ಣೆ ಬಿಟ್ಟು ಶೇಂಗಾ ಎಣ್ಣೆ ಬಳಸಿ, ಮತ್ತೆ ರಕ್ತ ಕೊಡಿ. ನಿಮ್ಮ ಮೈ ಬೆಣ್ಣೆಗೆ ಏನು ಮಾಡುತ್ತದೆ ಅಂತ ಅದೇ ಹೇಳುತ್ತದೆ.

ಲ್ಯಾಬ್‌ಅಕ್ಕ:
ಒಂದು ಕೇಳಲಾ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿದೆಯಾ?

ಬೆಣ್ಣೆದೋಸೆ:
ಅಪ್ಪನಿಗೆ, 47ಕ್ಕೆ. ಬೀಡಿ ಸೇದುತ್ತಿದ್ದರು, ಅದಕ್ಕೇ ಅಂದುಕೊಂಡಿದ್ದೆವು.

ಲ್ಯಾಬ್‌ಅಕ್ಕ:
ಬೀಡಿಯೂ ಕಾರಣ ಇರಬಹುದು. ಆದರೆ ಎಲ್‌ಡಿಎಲ್ ರಿಸೆಪ್ಟರ್ ಜೀನ್‌ನಲ್ಲೇ ದೋಷ ಇರುವ ಮನೆತನಗಳೂ ಇವೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ, ಹಾಗಾಗಿ ಅಣ್ಣ ಪಾರಾಗಿರಬಹುದು. ಹಾಗಿದ್ದರೆ ಬರೀ ಪಥ್ಯ ಸಾಲದು, ಮಾತ್ರೆ ಬೇಕಾಗುತ್ತದೆ. ಸಾಮಾನ್ಯವಾಗಿ 190 ದಾಟಿದರೆ ಅನುಮಾನ ಪಡುತ್ತಾರೆ, ನಿಮ್ಮದು ಹತ್ತಿರದಲ್ಲೇ ಇದೆ. ಹಿಮ್ಮಡಿ ಮೇಲಿನ ಸ್ನಾಯುರಜ್ಜು (ಟೆಂಡನ್) ದಪ್ಪ ಆಗಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೂ ಹೃದಯದ ಡಾಕ್ಟರ್ ಹತ್ತಿರ ಹೋಗಿ ಅಪ್ಪನ ವಿಷಯ ಮೊದಲು ಹೇಳಿ.

ಬೆಣ್ಣೆದೋಸೆ:
ಅಪ್ಪನ ಹಳೇ ಫೈಲ್ ಬೀರುವಿನಲ್ಲಿತ್ತು, ಈಗಷ್ಟೇ ತೆಗೆದೆ. ಎಲ್‌ಡಿಎಲ್ 214 ಅಂತಿದೆ. ಸೋಮವಾರ ಹೋಗುತ್ತೇನೆ.