ಅನೂಪನ ರೆಸಿಡೆನ್ಸಿ ಬಗ್ಗೆ, ಸುಮತಿ ಚಿಕ್ಕಮ್ಮನಿಗೆ ಉತ್ತರ

ಸುಮತಿ ಚಿಕ್ಕಮ್ಮ, ನೀವು ಬೆಳಿಗ್ಗೆ ಗ್ರೂಪಿನಲ್ಲಿ ಹಾಕಿದ್ದು ಈಗಷ್ಟೇ ನೋಡಿದೆ, ಕ್ಲಿನಿಕ್‌ನಲ್ಲಿ ಜನ ಇದ್ದರು. ಅನೂಪ ಅಮೆರಿಕದಲ್ಲಿ ಡಾಕ್ಟರ್ ಆಗಲಿಕ್ಕೆ ಬರೆಯುವ ಪರೀಕ್ಷೆಯಲ್ಲಿ ಸ್ಟೆಪ್ ಒನ್ ಮೊದಲ ಸಲ ಫೇಲ್ ಆಗಿ ಎರಡನೇ ಸಲ ಪಾಸಾದ, ಈಗ ಸ್ಟೆಪ್ ಟೂನಲ್ಲಿ 226 ಬಂದಿದೆ, ಇಷ್ಟರಲ್ಲಿ ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಡಿಗ್ರಿ ಆದ ಮೇಲೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತರಬೇತಿ, ಸಿಗಲಿಕ್ಕುಂಟಾ, ಇಲ್ಲ ಎಲ್ಲ ಬಿಟ್ಟು ಇಲ್ಲಿಯ ಪಿಜಿ ಸೀಟಿನ ಪರೀಕ್ಷೆ ನೀಟ್ ಪಿಜಿಗೆ ಕೂರಿಸುವುದಾ ಅಂತ ಕೇಳಿದ್ದೀರಿ. ಅದರ ಕೆಳಗೆ ರಘು ಮಾವ, ಮಂಗಳೂರಿನ ಹಂಪನಕಟ್ಟೆಯಲ್ಲಿ ಒಬ್ಬ ಏಜೆಂಟ್ ಇದ್ದಾನೆ, ಐದು ಲಕ್ಷ ಕೊಟ್ಟರೆ ಗ್ಯಾರಂಟಿ ಅಂತ ಬರೆದಿದ್ದಾರೆ.

ಮೊದಲು ಮಾವನಿಗೆ. ಮಾವ, ದಯವಿಟ್ಟು ಒಂದು ರೂಪಾಯಿಯೂ ಕೊಡಬೇಡಿ. ಅಲ್ಲಿ ಸೀಟು ಮಾರಲಿಕ್ಕೆ ಬರುವುದಿಲ್ಲ. ಆಸ್ಪತ್ರೆಯವರು ತಮಗೆ ಬೇಕಾದವರ ಪಟ್ಟಿ ಕೊಡುತ್ತಾರೆ, ಹುಡುಗರು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾರೆ, ಎರಡನ್ನೂ ಕಂಪ್ಯೂಟರ್ ಜೋಡಿಸುತ್ತದೆ, ಅದಕ್ಕೇ ಮ್ಯಾಚ್ ಅನ್ನುವುದು, ಮಾರ್ಚ್‌ನಲ್ಲಿ ಫಲಿತಾಂಶ. ಮಧ್ಯದಲ್ಲಿ ಏಜೆಂಟ್ ಮಾಡುವಂಥದ್ದು ಎಂತದೂ ಇಲ್ಲ.

ಈಗ ಅನೂಪ, ನಿನಗೆ. ಉದ್ದ ಆಗುತ್ತದೆ, ಪೂರ್ತಿ ಓದು. ಆ 226 ಇನ್ನು ಬದಲಾಗುವುದಿಲ್ಲ. ಪಾಸಾದ ಪರೀಕ್ಷೆಯನ್ನು ಮಾರ್ಕ್ಸ್ ಜಾಸ್ತಿ ಮಾಡಲಿಕ್ಕೆ ಅಂತ ಮತ್ತೆ ಬರೆಯಲು ಬಿಡುವುದಿಲ್ಲ. 2022ರಿಂದ ಸ್ಟೆಪ್ ಒನ್‌ಗೆ ಅಂಕವೇ ಇಲ್ಲ, ಪಾಸ್ ಅಥವಾ ಫೇಲ್ ಅಷ್ಟೇ, ಹಾಗಾಗಿ ಎಲ್ಲರ ಕಣ್ಣೂ ಈಗ ಸ್ಟೆಪ್ ಟೂ ಮೇಲೆ. ಅಲ್ಲಿನ ವಿದ್ಯಾರ್ಥಿಗಳ ಸರಾಸರಿಯೇ 250ರ ಹತ್ತಿರ ಇರುವಾಗ 226 ಕಡಿಮೆಯೇ, ಸುಳ್ಳು ಸಮಾಧಾನ ಹೇಳುವುದಿಲ್ಲ. 2025ರ ಮ್ಯಾಚ್‌ನಲ್ಲಿ ನಮ್ಮ ಹಾಗೆ ಹೊರದೇಶದಲ್ಲಿ ಓದಿದ ಹೊರದೇಶದವರಲ್ಲಿ ಸೀಟು ಸಿಕ್ಕಿದ್ದು ನೂರಕ್ಕೆ ಸುಮಾರು 58 ಜನರಿಗೆ. ಅದರಲ್ಲಿ ಒಳ್ಳೆ ಸ್ಕೋರಿನವರೂ ಸೇರಿದ್ದಾರೆ, ಅಂದರೆ ನಿನ್ನ ದಾರಿ ಅದಕ್ಕಿಂತ ಇಕ್ಕಟ್ಟು. ಆದರೆ ಮುಚ್ಚಿಲ್ಲ. ನಾನು ಅಲ್ಲಿ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿಯ ಕೊನೆಯ ವರ್ಷದಲ್ಲಿದ್ದಾಗ ಹೊಸಬರ ಅರ್ಜಿ ಓದುವ ಗುಂಪಿನಲ್ಲಿ ಕೂರುತ್ತಿದ್ದೆ, ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಅರ್ಜಿಗಳು ರಾಶಿ ಬೀಳುತ್ತವೆ. ಅದಕ್ಕೆ ಮೊದಲು ಫಿಲ್ಟರ್ ಹಾಕುತ್ತಾರೆ, ಸ್ಕೋರ್ ಇಷ್ಟಕ್ಕಿಂತ ಕೆಳಗಿದ್ದರೆ ಬೇಡ, ಫೇಲ್ ಆಗಿದ್ದರೆ ಬೇಡ, ಪಾಸ್‌ಔಟ್ ಆಗಿ ಐದು ವರ್ಷ ದಾಟಿದ್ದರೆ ಬೇಡ, ಹೀಗೆ. ಫಿಲ್ಟರಿನಲ್ಲಿ ಬಿದ್ದುಹೋದವನು ತನ್ನ ಬಗ್ಗೆ ಬರೆದ ಪರ್ಸನಲ್ ಸ್ಟೇಟ್‌ಮೆಂಟ್ ಎಷ್ಟೇ ಚೆನ್ನಾಗಿರಲಿ, ಅದನ್ನು ಯಾರೂ ತೆರೆಯುವುದಿಲ್ಲ. ಹಾಗೆ ಬಿದ್ದ ಅರ್ಜಿ ಮತ್ತೆ ಮೇಜಿನ ಮೇಲೆ ಬರುತ್ತಿದ್ದದ್ದು ಹೆಚ್ಚಾಗಿ ಒಂದೇ ಕಾರಣಕ್ಕೆ: ಒಳಗಿನವರು ಯಾರಾದರೂ "ಈ ಹುಡುಗ ನನ್ನ ಜೊತೆ ಒಂದು ತಿಂಗಳು ಇದ್ದ, ಇವನನ್ನು ಕರೆಯಿರಿ" ಅನ್ನುತ್ತಿದ್ದರು. ಸ್ಕೋರ್ ಕಡಿಮೆ ಇರುವವನಿಗೆ ಬೇಕಾದದ್ದು ಅದು, ನಿನ್ನನ್ನು ಕೆಲಸದಲ್ಲಿ ಕಣ್ಣಾರೆ ಕಂಡವರ ಮಾತು. ದುಡ್ಡು, ಸಮಯ ಎರಡನ್ನೂ ಅಲ್ಲಿ ಹಾಕು.

ಆ ಮಾತು ಅರ್ಜಿಯಲ್ಲಿ ಬರುವುದು ಅವರು ಬರೆಯುವ ಶಿಫಾರಸು ಲೆಟರ್‌ನಲ್ಲಿ. ಲೆಟರ್ ಅಂದರೆ ಎಲ್ಲವೂ ಒಂದೇ ಅಲ್ಲ ಮಾರಾಯ. "ಶಿಸ್ತಿನ ಹುಡುಗ, ಕಷ್ಟಪಟ್ಟು ಕೆಲಸ ಮಾಡುತ್ತಾನೆ, ಸಮಯಕ್ಕೆ ಸರಿಯಾಗಿ ಬರುತ್ತಾನೆ" ಅಂತ ಅರ್ಧ ಪುಟ ಬರೆದ ಲೆಟರ್‌ಗಳನ್ನು ನಾವು ಎರಡು ಸಾಲು ಓದಿ ಪಕ್ಕಕ್ಕಿಡುತ್ತಿದ್ದೆವು. ಒಂದು ಲೆಟರ್ ಮಾತ್ರ ನನಗೆ ಇವತ್ತಿಗೂ ನೆನಪುಂಟು. ಒಬ್ಬ ಅಜ್ಜಿಗೆ ಪದೇ ಪದೇ ಶುಗರ್ ಇಳಿದು ಆಸ್ಪತ್ರೆಗೆ ಬರುತ್ತಿದ್ದರಂತೆ. ಲೆಟರ್ ಯಾರ ಬಗ್ಗೆ ಇತ್ತೋ ಆ ಹುಡುಗಿ ಬರೀ ಅಬ್ಸರ್ವರ್, ಅಂದರೆ ಪಕ್ಕದಲ್ಲಿದ್ದು ನೋಡಿ ಕಲಿಯುವವಳು, ರೋಗಿಯನ್ನು ಮುಟ್ಟುವ ಹಾಗೂ ಇಲ್ಲ. ಆದರೆ ಕೂತು ಮಾತಾಡಿಸಿ, ಅಜ್ಜಿಗೆ ಇನ್ಸುಲಿನ್ ಪೆನ್ನಿನ ಅಂಕಿ ಕಾಣುವುದಿಲ್ಲ, ಕ್ಲಿಕ್ ಶಬ್ದ ಎಣಿಸಿ ಹಾಕಿಕೊಳ್ಳುತ್ತಾರೆ, ಎಣಿಕೆ ತಪ್ಪುತ್ತದೆ ಅಂತ ಕಂಡುಹಿಡಿದಳು. ಡಾಕ್ಟರ್ ಅದನ್ನು ಹಾಗೆಯೇ ಬರೆದಿದ್ದರು. ಅವಳ ಸ್ಕೋರ್ ಎಷ್ಟಿತ್ತು ಅಂತ ಮೀಟಿಂಗಿನಲ್ಲಿ ಆಮೇಲೆ ಯಾರೂ ಕೇಳಲಿಲ್ಲ, ಇಂಟರ್‌ವ್ಯೂಗೆ ಕರೆದೆವು. ನೀನು ಅಬ್ಸರ್ವರ್‌ಶಿಪ್‌ಗೆ ಹೋದರೆ ಸುಮ್ನೆ ಗೋಡೆಗೆ ಒರಗಿ ನಿಲ್ಲಬೇಡ. ರೋಗಿಗಳ ಹತ್ತಿರ ಮಾತಾಡು, ಸಂಜೆ ಓದಿಕೊಂಡು ಮರುದಿನ ಪ್ರಶ್ನೆ ಕೇಳು. ಒಂದೊಂದು ವಾರ ನಾಲ್ಕು ಕಡೆ ತಿರುಗುವುದಕ್ಕಿಂತ ಒಂದೇ ಕಡೆ ತಿಂಗಳು, ಎರಡು ತಿಂಗಳು ಇರು, ಅದೂ ರೆಸಿಡೆನ್ಸಿ ಇರುವ ಆಸ್ಪತ್ರೆಯಲ್ಲಿ. ಒಂದು ಆಸ್ಪತ್ರೆಗೆ ನಾಲ್ಕು ಲೆಟರ್ ತನಕ ಕಳಿಸಬಹುದು, ಅದರಲ್ಲಿ ಎರಡಾದರೂ ಅಮೆರಿಕದ ಡಾಕ್ಟರ್‌ಗಳದ್ದಾಗಿರಲಿ.

(ನಿಶಾ, ನೀನು ಇನ್ನೂ ಕಾಲೇಜಿನಲ್ಲಿದ್ದೀಯಲ್ಲ, ಇದು ನಿನಗೆ. ವಿದ್ಯಾರ್ಥಿಯಾಗಿರುವಾಗ ಇಲೆಕ್ಟಿವ್‌ಗೆ, ಅಂದರೆ ಅಲ್ಲಿಯ ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಕಲಿಯಲಿಕ್ಕೆ, ಹೋದರೆ ರೋಗಿಯನ್ನು ಪರೀಕ್ಷೆ ಮಾಡಲು ಬಿಡುತ್ತಾರೆ. ಡಿಗ್ರಿ ಆದ ಮೇಲೆ ಹೆಚ್ಚಿನ ಕಡೆ ಬರೀ ನೋಡುವುದು. ಈಗಲೇ ಡೀನ್ ಆಫೀಸಿನಲ್ಲಿ ವಿಚಾರಿಸು.)

ಅನೂಪ, ಈಗ ಜೂನ್. ಸೆಪ್ಟೆಂಬರ್‌ನಲ್ಲಿ ಅರ್ಜಿ ಶುರು. ನಿನ್ನ ಕೈಯಲ್ಲಿ ಅಲ್ಲಿಯ ಲೆಟರ್ ಒಂದೂ ಇಲ್ಲ, ವೀಸಾ ಇಲ್ಲ. ನನ್ನನ್ನು ಕೇಳಿದರೆ ಈ ವರ್ಷ ಹಾಕಬೇಡ. ಅರ್ಧ ತಯಾರಿಯಲ್ಲಿ ಹಾಕಿ ಸಿಗದಿದ್ದರೆ ದುಡ್ಡು ಹೋಗುತ್ತದೆ, ಮುಂದಿನ ಸಲ ಅದೇ ಆಸ್ಪತ್ರೆಯವರಿಗೆ ನಿನ್ನದು ಅವರೇ ಒಮ್ಮೆ ಬೇಡ ಅಂದ ಹಳೆಯ ಹೆಸರು. ಆದರೆ ಒಂದೇ ವರ್ಷ ಕಾಯುವುದು, ಎರಡಲ್ಲ. ಪಾಸ್‌ಔಟ್ ಆದ ವರ್ಷ ಹಳತಾದಷ್ಟೂ ಕಷ್ಟ.

ಈ ಒಂದು ವರ್ಷ ಮನೆಯಲ್ಲಿ ಕೂರಬೇಡ. ಉಡುಪಿಯಲ್ಲೋ ಕುಂದಾಪುರದಲ್ಲೋ ಡ್ಯೂಟಿ ಡಾಕ್ಟರ್ ಆಗಿ ಸೇರಿಕೊ, ರೋಗಿಗಳನ್ನು ಬಿಟ್ಟು ಆರು ತಿಂಗಳು ಇದ್ದದ್ದು ಅರ್ಜಿಯಲ್ಲಿ ಎದ್ದು ಕಾಣುತ್ತದೆ. ಪೇಪರ್ ಬರೆಯಬೇಕು ಅಂತ ಇದ್ದರೆ ದುಡ್ಡು ಕೊಟ್ಟು ಹೆಸರು ಸೇರಿಸುವವರ ಹತ್ತಿರ ಹೋಗಬೇಡ, ಇಂಟರ್‌ವ್ಯೂನಲ್ಲಿ ಆ ಪೇಪರ್ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ. ನಮ್ಮ ಊರಿನಲ್ಲೇ ವಿಷಯ ಎಷ್ಟುಂಟು! ಮಂಗಳೂರಿನ ಮಲೇರಿಯಾ, ಮಳೆಗಾಲದಲ್ಲಿ ಉಡುಪಿ ಕಡೆಯ ಇಲಿಜ್ವರ. ಗದ್ದೆಯಲ್ಲಿ ನೇಜಿ ನೆಟ್ಟು ಬಂದವರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡದಲ್ಲಿ ಹಿಡಿದುಕೊಂಡ ಹಾಗೆ ನೋವು ಅಂದ ಕೂಡಲೇ ಇಲ್ಲಿಯ ಡಾಕ್ಟರ್‌ಗೆ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ನೆನಪಾಗುತ್ತದೆ. ಅಲ್ಲಿಯವರು ಹೆಚ್ಚಿನವರು ಅದನ್ನು ಪುಸ್ತಕದಲ್ಲಿ ಮಾತ್ರ ಓದಿರುತ್ತಾರೆ. ನಿನ್ನ ಹಳೆಯ ಮೆಡಿಸಿನ್ ಪ್ರೊಫೆಸರ್ ಹತ್ತಿರ ಹೋಗಿ ಒಂದು ಕೇಸ್ ರಿಪೋರ್ಟ್ ಬರೆಯುತ್ತೇನೆ ಅಂತ ಹೇಳು. ನೀನೇ ನೋಡಿದ ರೋಗಿ, ನೀನೇ ಬರೆದದ್ದು, ಆಗ ಯಾರು ಕೇಳಿದರೂ ಧೈರ್ಯವಾಗಿ ಮಾತಾಡಬಹುದು.

ಇನ್ನು ಆ ಪರೀಕ್ಷೆಯ ಕೊನೆಯ ಹಂತ ಸ್ಟೆಪ್ ತ್ರೀ ಬಗ್ಗೆ. ಅದನ್ನು ಅಮೆರಿಕದಲ್ಲೇ ಬರೆಯಬೇಕು, ಎರಡು ದಿನದ ಪರೀಕ್ಷೆ, ಅದಕ್ಕೂ ಮೊದಲು ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಕೊಡುವ ಇಸಿಎಫ್‌ಎಂಜಿ ಸರ್ಟಿಫಿಕೇಶನ್ ಆಗಿರಬೇಕು. ಅದಕ್ಕೆ ಬೇಕಾದ ಓಇಟಿ ಇಂಗ್ಲಿಷ್ ಪರೀಕ್ಷೆ, ಪಾಥ್‌ವೇ ಅನ್ನುವ ಅರ್ಜಿ, ಕಾಲೇಜಿನ ದಾಖಲೆ ಎಲ್ಲ ಈಗಲೇ ಶುರು ಮಾಡು. ಅಬ್ಸರ್ವರ್‌ಶಿಪ್‌ಗೆ ಹೋದ ಸಲವೇ ಬರೆದು ಬಂದರೆ ವಿಮಾನದ ಖರ್ಚು ಒಂದೇ. ಪಾಸಾದರೆ, ಹಿಂದೆ ಎಡವಿದವನು ಈಗ ಸರಿಯಾಗಿದ್ದಾನೆ ಅನ್ನಲಿಕ್ಕೆ ಸಾಕ್ಷಿ ಸಿಗುತ್ತದೆ. ಆದರೆ ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ನೆಮ್ಮದಿಯ ಅಂಕ ಬಾರದೆ ಬರೆಯಲೇಬೇಡ, ಇನ್ನೊಂದು ಫೇಲ್ ಆದರೆ ಕಥೆ ಮುಗಿದ ಹಾಗೆ. ರೆಸಿಡೆನ್ಸಿಯ ವೀಸಾಕ್ಕೆ ಜೆ-ಒನ್, ಅಂದರೆ ತರಬೇತಿಗೆ ಬರುವವರ ವೀಸಾ, ಎಂದೇ ಲೆಕ್ಕ ಹಾಕು. ಎಚ್-ಒನ್-ಬಿ ಅನ್ನುವ ಕೆಲಸದ ವೀಸಾಕ್ಕೆ ಸ್ಟೆಪ್ ತ್ರೀ ಬೇಕೇಬೇಕು, ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂತು, ಸಣ್ಣ ಆಸ್ಪತ್ರೆಗಳು ಅದಕ್ಕೆ ಕೈ ಹಾಕುವುದು ಕಷ್ಟ.

ಅರ್ಜಿ ಹಾಕುವಾಗ ಕಂಡ ಕಂಡ ಕಡೆ ಹಾಕಬೇಡ. 2025ರ ದರದಲ್ಲಿ ಒಂದು ವಿಭಾಗದಲ್ಲಿ ಮೊದಲ 30 ಅರ್ಜಿಗೆ ತಲಾ 11 ಡಾಲರ್, ಆಮೇಲಿನದ್ದಕ್ಕೆ ತಲಾ 30. ಇನ್ನೂರು ಕಡೆ ಹಾಕಿದರೆ 5,430 ಡಾಲರ್, ನಾಲ್ಕೂವರೆ ಲಕ್ಷ ರೂಪಾಯಿ ಮೇಲೆ. ಆ ದುಡ್ಡಿನಲ್ಲಿ ಒಂದು ತಿಂಗಳು ಅಲ್ಲಿದ್ದು ಲೆಟರ್ ತರಬಹುದು. ಫ್ರೀಡಾ ಅಂತ ರೆಸಿಡೆನ್ಸಿಗಳ ಪಟ್ಟಿ ಇರುವ ವೆಬ್‌ಸೈಟ್ ಉಂಟು, ಜೊತೆಗೆ ಪ್ರತಿ ಆಸ್ಪತ್ರೆಯ ಪುಟದಲ್ಲಿ ಈಗಿನ ರೆಸಿಡೆಂಟ್‌ಗಳ ಫೋಟೋ, ಕಾಲೇಜಿನ ಹೆಸರು ಇರುತ್ತದೆ. ನಮ್ಮ ದೇಶದವರು ಒಬ್ಬರೂ ಕಾಣದಿದ್ದರೆ ಮುಂದೆ ಹೋಗು. ಒಮ್ಮೆ ಫೇಲ್ ಆದವರನ್ನು ನೋಡುತ್ತಾರಾ, ಜೆ-ಒನ್ ಕೊಡುತ್ತಾರಾ, ಇದನ್ನು ಒಂದೊಂದಾಗಿ ನೋಡಿ ಬರೆದಿಡು. ಫ್ಯಾಮಿಲಿ ಮೆಡಿಸಿನ್ ಮತ್ತು ಸಣ್ಣ ಊರಿನ ಇಂಟರ್ನಲ್ ಮೆಡಿಸಿನ್ ಹಿಡಿ. 2024ರಲ್ಲೂ 2025ರಲ್ಲೂ ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್ ಎರಡರಲ್ಲೂ ಮೊದಲ ಸುತ್ತಿನಲ್ಲಿ ಸೀಟು ತುಂಬದೆ ಉಳಿದಿತ್ತು. ರೇಡಿಯಾಲಜಿ ಆಸೆ ಈಗ ಬಿಡು. ಈ ಆಸ್ಪತ್ರೆ ನನಗೆ ಹೆಚ್ಚು ಇಷ್ಟ ಅಂತ ಅರ್ಜಿಯಲ್ಲಿ ತೋರಿಸಲಿಕ್ಕೆ ಸಿಗ್ನಲ್ ಅಂತ ಕೆಲವೇ ಕೊಡುತ್ತಾರೆ, ಅದನ್ನು ದೊಡ್ಡ ಹೆಸರಿನ ಕಡೆ ಹಾಳು ಮಾಡದೆ, ನೀನು ಹೋಗಿ ಇದ್ದು ಬಂದ ಆಸ್ಪತ್ರೆಗೇ ಕೊಡು.

ಫೇಲ್ ಆದದ್ದನ್ನು ಮುಚ್ಚಲಿಕ್ಕೆ ಆಗುವುದಿಲ್ಲ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎಲ್ಲ ಇರುತ್ತದೆ. ಕೇಳಿದರೆ ಎರಡು ವಾಕ್ಯ ಸಾಕು. ಎಂತ ಆಯಿತು, ಆಮೇಲೆ ಓದುವ ರೀತಿಯಲ್ಲಿ ಏನು ಬದಲಾಯಿಸಿದೆ. ಅಪ್ಪನಿಗೆ ಹುಷಾರಿರಲಿಲ್ಲ, ಕರೆಂಟ್ ಇರಲಿಲ್ಲ ಅಂತ ಉದ್ದ ಹೇಳಿದಷ್ಟೂ ಕೇಳುವವರಿಗೆ ಸಂಶಯ.

ಚಿಕ್ಕಮ್ಮ, ನೀಟ್ ಪಿಜಿ ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಕೈ ತಪ್ಪುತ್ತದೆ. ಅವನೇ ಕೂತು ಯೋಚಿಸಲಿ, ಒಂದು ವಾರ ಅವನಿಗೆ ಯಾರೂ ಫೋನ್ ಮಾಡಿ ಸ್ಕೋರ್ ಕೇಳಬೇಡಿ. ಅಮೆರಿಕವೇ ಅಂತಾದರೆ ಅನೂಪ, ಮೊದಲು ಚೆನ್ನೈ, ಹೈದರಾಬಾದ್ ಎರಡು ಕಡೆಯೂ ವೀಸಾ ಇಂಟರ್‌ವ್ಯೂ ದಿನ ಯಾವಾಗ ಸಿಗುತ್ತದೆ ನೋಡು. ಆಮೇಲೆ ಹದಿನೈದು ಆಸ್ಪತ್ರೆಯ ಹೆಸರು ಬರೆದುಕೊಂಡು ಭಾನುವಾರ ಸಂಜೆ ಮನೆಗೆ ಬಾ, ಲ್ಯಾಪ್‌ಟಾಪ್ ತೆಗೆದುಕೊಂಡು. ಅಬ್ಸರ್ವರ್‌ಶಿಪ್ ಕೇಳುವ ಈಮೇಲ್ ಒಟ್ಟಿಗೆ ಬರೆಯೋಣ.