ಬಗ್ಯಾಸಿನ ಅಂಕಿ ತಿದ್ದು ಅಂತಾರ, ಏನ್ ಮಾಡ್ಲಿ?

ಪ್ರಶ್ನೆ (ಹೆಸರು ಬ್ಯಾಡ್ರಿ, ಮುಧೋಳ ಕಡೆಯವ):
ನಮಸ್ಕಾರ್ರೀ ಸರ. ಸಕ್ಕರಿ ಕಾರ್ಖಾನಿ ಲ್ಯಾಬಿನಾಗ ಶಿಫ್ಟ್ ಕೆಮಿಸ್ಟ್ ಅದೀನಿ, ಇದು ಎರಡನೇ ಹಂಗಾಮು. ಬಗ್ಯಾಸಿನ (ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪಿ) ಪೋಲ್, ಅಂದ್ರ ಅದರಾಗ ಉಳಿದ ಸಕ್ಕರಿ ಶೇಕಡಾ, 2.1 ಬಂದ್ರ 2.4 ಬರಿ ಅಂತ ಮ್ಯಾಲಿನವರು ನಾಕ ದಿನದಿಂದ ಹೇಳಾಕತ್ತಾರ. ಬರೇ ಬಾಯಿಮಾತು, ಚೀಟಿ ಇಲ್ಲ. ಎರಡು ದಿನ ಬರದೂ ಬಿಟ್ಟೇನಿ, ಸುಳ್ಳ್ಯಾಕ ಹೇಳ್ಲಿ. ನಮ್ಮಪ್ಪನ ಕಬ್ಬೂ ಇದ ಕಾರ್ಖಾನಿಗೆ ಬರ್ತೈತಿ. ಪಾಯಿಂಟಿನ ಮುಂದಿನ ಒಂದು ಅಂಕಿ, ಇಷ್ಟಕ್ಕ ನೌಕರಿ ಕಳ್ಕೋಬೇಕೇನ್ರಿ?

ಉತ್ತರ (ನಿವೃತ್ತ ಮುಖ್ಯ ಕೆಮಿಸ್ಟ್):
ತಮ್ಮಾ, ಮೊದಲ ಲೆಕ್ಕ ಮಾಡೂಣು. 100 ಟನ್ ಕಬ್ಬಿಗೆ ಸುಮಾರು 28 ಟನ್ ಬಗ್ಯಾಸ್. ಅದರಾಗ ಪೋಲ್ 0.3 ಹೆಚ್ಚ ಬರದ್ರ, ಕಬ್ಬಿನ ಲೆಕ್ಕದಾಗ 0.08ರಷ್ಟು ಸಕ್ಕರಿ ಬಾಯ್ಲರ್‌ಗೆ ಹೋತು ಅಂತ ಕಾಗದ ಹೇಳತೈತಿ. 2025-26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ಕನಿಷ್ಠ ದರ) 10.25 ರಿಕವರಿಗೆ, ಅಂದ್ರ 100 ಟನ್ ಕಬ್ಬಿಗೆ 10.25 ಟನ್ ಸಕ್ಕರಿ ಬಂದ್ರ, ಕ್ವಿಂಟಲ್‌ಗೆ 355 ರೂಪಾಯಿ. ಪ್ರತಿ 0.1ಕ್ಕ 3 ರೂ. 46 ಪೈಸೆ ಏರತೈತಿ, ಇಳಿದ್ರ 9.5ರ ತನಕ ಅಷ್ಟ ಇಳಿತೈತಿ. ಅಂದ್ರ ಟನ್ನಿಗೆ 34 ರೂ. 60 ಪೈಸೆ. 10 ಲಕ್ಷ ಟನ್ ನುರಿಸೂ ಕಾರ್ಖಾನಿ 0.1 ಕಡಿಮಿ ತೋರಿಸಿದ್ರ ರೈತರದು 3 ಕೋಟಿ 46 ಲಕ್ಷ ಹೋತು. ಪಾಯಿಂಟಿನ ಮುಂದಿನ ಅಂಕಿ ಅಂದ್ಯಲ್ಲ, ಅದು ಇದು.

ಆದ್ರ ಒಂದು ಮಾತು. ರಿಕವರಿ ಅಂಬೋದು ಸಕ್ಕರಿ ಚೀಲದ ಲೆಕ್ಕ. ಚೀಲ ಸರಿಯಾಗಿ ಎಣಿಸಿದ್ರ ಬಗ್ಯಾಸಿನ ಅಂಕಿ ತಿದ್ದಿದ ಮಾತ್ರಕ್ಕ ರಿಕವರಿ ಇಳಿಯಂಗಿಲ್ಲ. ಹಂಗಾರ ಯಾಕ ತಿದ್ದಸ್ತಾರ? ಗೋದಾಮಿನಾಗ ಚೀಲ ಕಡಿಮಿ ಬರಸಿ, ಆ ಸಕ್ಕರಿ ಬಗ್ಯಾಸಿನಾಗ ಹೋತು ಅಂತ ತೋರಿಸಾಕ ಜಾಗಾ ಮಾಡಾಕತ್ತಿರಬಹುದು ಅಂತ ನನಗ ಅನುಮಾನ. ಅನುಮಾನ ಅಷ್ಟ. ನಿನಗ ಗೊತ್ತಿರೂದು ನೀ ಓದಿದ್ದು 2.1, ಬರದದ್ದು 2.4. ಅಷ್ಟಕ್ಕ ನಿಲ್ಲು, ಊರೆಲ್ಲ ಚೀಲದ ಕಥಿ ಹೇಳ್ಕೋತ ತಿರುಗಬ್ಯಾಡ.

ನಾನೂ ತಿದ್ದೀನಿ. ನಂದು ಉಲ್ಟಾ. ಮಿಲ್ಲಿನ ಗೆಳ್ಯಾ ಬೈಸ್ಕೋಬಾರ್ದಂತ 2.8 ಬಂದದ್ದು 2.3 ಬರದೆ. ರಸ ಹಿಂಡೂ ರೋಲರ್ ಸವದಿದ್ದು ಯಾರಿಗೂ ತಿಳೀಲಿಲ್ಲ. ಹನ್ನೆರಡು ದಿನ ಸಕ್ಕರಿ ಸುಟ್ಟು ಉಗಿ ಮಾಡಿದಿವಿ. ನಾನು ಸಿಗಲಿಲ್ಲ. ಅದಕ್ಕ ಇನ್ನೂ ನೆನಪೈತಿ.

ಈಗ ಮಾಡೂದು: ನಾಳೆ "ಸರ, ಬರವಣಿಗ್ಯಾಗ ಕೊಡ್ರಿ" ಅನ್ನು, ಜೋರು ಮಾಡದ. ಬಾಳ ಸಲ ಮಾತು ಅಲ್ಲೇ ನಿಲ್ಲತೈತಿ. ಬರಕೊಡಲಿಲ್ಲಂದ್ರ ಪೋಲಾರಿಮೀಟರ್ ತೋರಿಸಿದ್ದ ಬರಿ. ಹಿಂದಿನ ಎರಡು ದಿನದ್ದು ಅಳಿಸಬ್ಯಾಡ, ಒಂದು ಗೆರಿ ಎಳದು ಬಾಜೂಕ ಖರೆ ಅಂಕಿ ಬರದು ತಾರೀಖ ಹಾಕಿ ಸಹಿ ಮಾಡು. ಲ್ಯಾಬ್ ಪುಸ್ತಕದ ಫೋಟೋ ಗ್ರೂಪಿಗೆ ಹಾಕಬ್ಯಾಡ ಮತ್ತ.

ಪ್ರತಿಕ್ರಿಯೆ (ಜಮಖಂಡಿ, ಕಬ್ಬು ಬೆಳೆಗಾರ):
ನಾವು ಕಾಟಾದಾಗ ಹೋತು ಅಂತ ಬೈಕೋತ ಕುಂತೀವಿ ನೋಡ್ರಿ, ಲ್ಯಾಬಿನ ಕಡೆ ಹೊಳ್ಳಿನೂ ನೋಡಿಲ್ಲ.

ಪ್ರಶ್ನೆ ಕೇಳಿದವ:
ಸರ, ಕೇಳಿದೆ. "ಬರಕೊಡೂದೇನು, ನೋಡೂಣು" ಅಂದ್ರು. ಗೆರಿ ಎಳದು ಸಹಿ ಮಾಡೇನಿ. ನಿನ್ನಿಯಿಂದ ರಾತ್ರಿ ಪಾಳಿ ಹಾಕ್ಯಾರ. ಅಪ್ಪಗ ಇನ್ನೂ ಹೇಳಿಲ್ಲ.

ಉತ್ತರ:
ಹೇಳು, ಅವರ ದುಡ್ಡೂ ಅದರಾಗ ಐತಿ. ಮತ್ತ ರಾತ್ರಿ ಮೂರಕ್ಕ ಕಣ್ಣು ಎಳೀತಾವು, ರೀಡಿಂಗ್ ಎರಡು ಸಲ ನೋಡಿ ಬರಿ.